ಬರಿಗೈಯ ಕೂಗು

“ಲೇ ಕೊರಚಿ, ನನ್ನ ಮೊಮ್ಮಗ ಅಲ್ಲಿ ಬಳ್ಳಾರ್ಯಾಗ ಕಣ್ಣು ಬಿಡವಲ್ಲ, ನೀ ಇಲ್ಲಿ ನಿನ್ನ ಹಂದಿಗೆ ಊಟ ಬಡಸಾಕ ಹೊಂಟೀಯೇನ್ಲೇ? ಎಷ್ಟು ಸೊಕ್ಕು ನಿನಗ, ಹಲ್ಕಟ್ ರಂಡೆ!”

ಚಿದಾನಂದಪ್ಪ ಮೋಟಾರ್ ಸೈಕಲ್ಲಿನಿಂದ ಇಳಿಯಲೂ ಇಲ್ಲ. ಕೂತಲ್ಲಿಂದಲೇ ಕಾಲು ಚಾಚಿ ಮಾರೆಮ್ಮನ ಬಕೆಟ್ಟಿಗೆ ಒದ್ದ. ಬೆಳಗಿನಿಂದ ಹೋಟೆಲುಗಳ ಹಿಂಬಾಗಿಲಲ್ಲಿ ಕಾದು ತುಂಬಿಸಿಕೊಂಡು ಬಂದಿದ್ದ ಮುಸುರೆ ಸಿರುಗುಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯ ಮೇಲೆಲ್ಲ ಹರಿಯಿತು. ಅನ್ನ, ಇಡ್ಲಿ ಚೂರು, ತೆಳ್ಳನೆ ಸಾಂಬಾರು, ಅದರ ಮೇಲೆ ತೇಲುವ ಕಾಗದದ ಲೋಟ. ಚಹಾ ಕುಡಿಯುತ್ತ ನಿಂತಿದ್ದವರು ಪಂಚೆ ಎತ್ತಿಕೊಂಡು ಹಿಂದೆ ಸರಿದರು. ಸಿಡಿದೀತೆಂದು ಸರಿದರೇ ಹೊರತು ಒಬ್ಬರೂ ಬಾಯಿ ಬಿಡಲಿಲ್ಲ. ಬಾಯಿ ಬಿಡಲು ಅವರಿಗೇನು ಹುಚ್ಚೇ? ಚಿದಾನಂದಪ್ಪ ಪುರಸಭೆಯ ಮೆಂಬರಾಗಿ ಮೆರೆದವನು. ಕೆಂಚನಗುಡ್ಡದ ದಾರಿಯಲ್ಲಿ ಕಾಲುವೆ ನೀರು ಮೊದಲು ಮುಟ್ಟುವ ಭತ್ತದ ಗದ್ದೆಗಳು ಅವನವು. ಚಹಾದಂಗಡಿ ನಿಂತಿದ್ದ ಜಾಗವೂ ಅವನದೇ.

ಮಾರೆಮ್ಮ ಕೂತು, ಅನ್ನವನ್ನು ಅಂಗೈಯಿಂದ ಬಳಿದು ಬಕೆಟ್ಟಿಗೆ ಹಾಕತೊಡಗಿದಳು.

“ಧಣೀ, ಕೂಸಿಗೆ ಹುಷಾರಾಗ್ಲಿ ಅಂತ ನಾನೂ ಬೇಡ್ಕೊಂತೀನ್ರಿ. ಹಂದಿ ಏನ್ ಮಾಡ್ಯಾವ್ರಿ? ಹುಟ್ಟಿದಾಗಿಂದ ಅವುಗಳ ಸಂಗಾಟ ಬದುಕೀವಿ, ನಮಗೇನೂ ಆಗಿಲ್ಲಲ್ರಿ.”

“ನಿಮಗ್ಯಾಕ ಆಕ್ಕತಿ? ನೀವೂ ಹಂದೀನ. ಹಂದಿ ರೋಗ ಹಂದಿಗೆ ಹತ್ತತೈತೇನು?”

ಚಹಾದಂಗಡಿಯಲ್ಲಿ ಈಗ ಬಾಯಿಗಳು ಬಿಟ್ಟುಕೊಂಡವು, ನಗುವುದಕ್ಕೆ. ಚಿದಾನಂದಪ್ಪ ಮಾತ್ರ ನಗಲಿಲ್ಲ. ನಿದ್ದೆಯಿಲ್ಲದೆ ಅವನ ಕಣ್ಣು ಕೆಂಪಗೆ ಊದಿಕೊಂಡಿದ್ದವು.

“ಡಾಕ್ಟ್ರು ಹೇಳ್ಯಾರ, ಮಿದುಳು ಜ್ವರ ಅಂತ. ಹಂದಿಲಿಂದ ಬರೋದು ಅದು. ನಾಳಿ ಹೊತ್ತು ಮೂಡೂದ್ರಾಗ ಈ ಊರಾಗ ಒಂದ ಒಂದು ಹಂದಿ ಕಂಡ್ರ ನಿನ್ನ ಗಂಡನ್ನ ಗದ್ದಿ ಕೆಸರಾಗ ಹಾಕಿ ತುಳೀತೀನಿ. ತಿಳೀತಾ?”

ಅದು ಬರೀ ಬಾಯಿಮಾತಲ್ಲ. ಮಾರೆಮ್ಮನ ಗಂಡ ಗಾದಿಲಿಂಗ ಅವನ ಗದ್ದೆಗಳಿಗೆ ನೀರು ಕಟ್ಟುವ ಆಳು. ಕಾಲುವೆಯಿಂದ ನೀರು ಬಿಟ್ಟಾಗ ಸಲಿಕೆ ಹಿಡಿದು ಮೇಲಿನ ಬದುವನ್ನು ಕಡಿದು, ಕೆಳಗಿನದನ್ನು ಮುಚ್ಚಿ, ಭತ್ತದ ಬುಡದಲ್ಲಿ ಸದಾ ನೀರು ನಿಲ್ಲುವಂತೆ ನೋಡಿಕೊಳ್ಳುವುದು ಅವನ ಕೆಲಸ. ಅವನ ಊಟ, ಉಡುಗೆ, ಬೈಗುಳ ಎಲ್ಲವೂ ಅಲ್ಲಿಂದಲೇ ಬರುತ್ತಿದ್ದವು.

ನಮಗೇನೂ ಆಗಿಲ್ಲ ಎಂದು ಮಾರೆಮ್ಮ ಹೇಳಿಬಿಟ್ಟಿದ್ದಳು, ಅದು ನಿಜವಾಗಿರಲಿಲ್ಲ. ಹಿಂದಿನ ಸಂಜೆಯಿಂದ ಮಗಳು ನಾಗಲಕ್ಷ್ಮಿಯ ಮೈ ಕಾದ ಹೆಂಚಿನಂತೆ ಸುಡುತ್ತಿತ್ತು. ಮೆಡಿಕಲ್ ಅಂಗಡಿಯ ಗುಳಿಗೆ ನುಂಗಿಸಿ, ಬೆವೆತರೆ ಇಳಿಯುತ್ತದೆ ಎಂದುಕೊಂಡು ಮಲಗಿಸಿ ಬಂದಿದ್ದಳು. ಆ ಜ್ವರದ ಹೆಸರು ಕಿವಿಗೆ ಬಿದ್ದದ್ದೇ ಅನ್ನ ಬಳಿಯುವುದನ್ನು ಬಿಟ್ಟಳು. ಅರ್ಧ ಬಕೆಟ್ ಎತ್ತಿಕೊಂಡು ಮನೆಯ ಕಡೆ ಓಡಿದಳು.

ಕೊರಚರ ಓಣಿ ಇರುವುದು ಊರಿನ ದೊಡ್ಡ ಮೋರಿ ಹಳ್ಳಕ್ಕೆ ಸೇರುವ ಕಡೆ. ಊರಿನ ಹೊಲಸೆಲ್ಲ ಇಳಿದು ಬರುವ ಜಾಗಕ್ಕೇ ಹಿಂದೆಂದೋ ಅವರನ್ನೂ ಇಳಿಸಿದ್ದರು, ಹೊಲಸಿನಲ್ಲಿ ಬಿದ್ದಿರುತ್ತೀರಿ ಎಂದು ಬೈಯುವುದಕ್ಕೂ ಅನುಕೂಲವಾಯಿತು. ಅಲ್ಲಿನ ಹಂದಿಗಳಿಗೆ ಗೂಡಿಲ್ಲ, ಹಗ್ಗವಿಲ್ಲ. ಬೆಳಗಾದರೆ ಊರೆಲ್ಲ ಹರಡಿ, ಒಂದು ಮನೆಯವು ಇನ್ನೊಂದು ಮನೆಯವುಗಳ ಜೊತೆ ಬೆರೆತು ಮೋರಿಗಳಲ್ಲಿ ಮೇಯುತ್ತವೆ. ಯಾವುದು ಯಾರದೆಂದು ಗೊತ್ತಾಗುವುದು ಕೂಗಿನಿಂದ. ಒಂದೊಂದು ಮನೆಗೆ ಒಂದೊಂದು ಕೂಗು. ಮರಿಗಳು ಮೊಲೆ ಬಿಟ್ಟು ಮೊದಲ ತುತ್ತಿಗೆ ಬಾಯಿ ಹಾಕುವಾಗ ಯಾರು ಕೂಗಿ ಕರೆದು ಕೈಯಾರೆ ತಿನ್ನಿಸುತ್ತಾರೋ ಆ ದನಿಗೆ ಅವು ಒಗ್ಗಿಕೊಳ್ಳುತ್ತವೆ. ಬೇರೆಯವರು ಗಂಟಲು ಹರಿದುಕೊಂಡರೂ ಕಿವಿ ಅಲ್ಲಾಡಿಸುವುದಿಲ್ಲ. ಇದಕ್ಕೊಂದು ಕಟ್ಟಳೆಯೂ ಉಂಟು. ಬರಿಗೈಯಲ್ಲಿ ಕೂಗಬಾರದು, ಒಂದು ಹಿಡಿ ತೌಡಾದರೂ ಕೈಯಲ್ಲಿರಬೇಕು, ಕರೆದು ಮೋಸ ಮಾಡಿದರೆ ಕರೆದವರ ಬಾಯಿ ಬಿದ್ದುಹೋಗುತ್ತದೆ. ತಾಯಂದಿರು ಕೂಗಿನ ಜೊತೆಗೇ ಈ ಹೆದರಿಕೆಯನ್ನೂ ಮಕ್ಕಳಿಗೆ ಕಲಿಸುತ್ತಾರೆ.

ಮಾರೆಮ್ಮನ ಮನೆಯ ಹಂದಿಗಳು ನಾಗಲಕ್ಷ್ಮಿಯ ದನಿಯವು. ಮೂರನೆಯ ಕ್ಲಾಸಿಗೇ ಅವಳು ಶಾಲೆ ಬಿಟ್ಟಿದ್ದಳು. ಬಿಡಿಸಿದವರು ಯಾರೂ ಇಲ್ಲ. ಪಕ್ಕದಲ್ಲಿ ಕೂತ ಹುಡುಗಿಯರು ಮೂಗು ಹಿಡಿದುಕೊಳ್ಳುತ್ತಿದ್ದರು, ಮೇಷ್ಟರು ಗಲಾಟೆ ಬೇಡವೆಂದು ಅವಳನ್ನು ನಲ್ಲಿಯ ಹತ್ತಿರ ಹೊರಗೆ ಕೂರಿಸುತ್ತಿದ್ದರು, ಅವಳು ನಲ್ಲಿಯಿಂದ ಎದ್ದು ಮನೆಗೆ ಬಂದುಬಿಟ್ಟಳು, ಅಷ್ಟೆ. ಆಮೇಲೆ ಹುಟ್ಟಿದ ಮರಿಗಳಿಗೆಲ್ಲ ಅವಳೇ ತಾಯಿ. ಗುಂಪಿನ ಮುಂದಾಳು ಹೆಣ್ಣುಹಂದಿಗೆ ದೊಡ್ಡಾಕಿ ಎಂದು ಹೆಸರಿಟ್ಟವಳೂ ಅವಳೇ. ಸಂಜೆ ಬಸ್‌ಸ್ಟ್ಯಾಂಡಿನ ಹಿಂದೆ ನಿಂತು ಕೈ ಬಾಯಿಗೆ ಅಡ್ಡ ಹಿಡಿದು ಕೂಗಿದಳೆಂದರೆ ನಾಲ್ಕೂ ಕಡೆಯಿಂದ ಓಡಿ ಬರುತ್ತಿದ್ದವು. ಬಸ್ಸಿಗೆ ಕಾಯುವ ಜನ ಮೂಗು ಮುಚ್ಚಿಕೊಂಡೇ ನಿಂತು ನೋಡುತ್ತಿದ್ದರು.

ಮಾರೆಮ್ಮ ಓಡಿ ಬಂದಾಗ ಮಗಳು ಮಲಗಿದ್ದಳು. ಮೈ ಸ್ವಲ್ಪ ತಣ್ಣಗಿತ್ತು. ಹುಲಿಗೆಮ್ಮನಿಗೆ ಕೈ ಮುಗಿದು, ಗುಳಿಗೆ ಹಿಡಿಯಿತು ಎಂದುಕೊಂಡು, ತಂದ ಮುಸುರೆಯನ್ನೆಲ್ಲ ಅಂದು ಸಂಜೆಯೇ, ತಾವಾಗಿ ಓಣಿಗೆ ಮರಳಿದ ಹಂದಿಗಳಿಗೆ ಸುರಿದಳು.

ಮಾರನೆಯ ಬೆಳಿಗ್ಗೆ ನಾಗಲಕ್ಷ್ಮಿ ಕುಡಿದ ನೀರನ್ನೂ ಕಕ್ಕತೊಡಗಿದಳು. ತಲೆ ಹಿಡಿದುಕೊಂಡು, “ಯವ್ವಾ, ಬಾಗಲಾ ಮುಚ್ಚಬೇ, ಬೆಳಕು ಚುಚ್ಚತೈತಿ” ಎಂದು ನರಳಿದಳು. ಗಾದಿಲಿಂಗ ಆಟೋ ತರುತ್ತೇನೆಂದು ಹೊರಗೆ ಧಾವಿಸಿದವನು ಓಣಿಯ ಬಾಯಲ್ಲೇ ನಿಂತುಬಿಟ್ಟ. ಎದುರಿಗೆ ಸರಕಾರಿ ಜೀಪು, ಅದರ ಹಿಂದೆ ಕಬ್ಬಿಣದ ಜಾಲರಿ ಕಟ್ಟಿದ ಟೆಂಪೊ, ಅದರ ಹಿಂದೆ ಚಿದಾನಂದಪ್ಪ. ಆಟೋ ಹಾಗಿರಲಿ, ಸೈಕಲ್ಲು ಕೂಡ ದಾಟುವಂತಿರಲಿಲ್ಲ.

ಜೀಪಿನಿಂದ ಇಳಿದವರು ಆರೋಗ್ಯದ ಸಾಹೇಬರು, ವಿಶ್ವಪ್ರಿಯ ಎಂದು ಹೆಸರು. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಪೂಜೆ ಮುಗಿಸಿ, ಗೋಪಿಚಂದನ ಇಟ್ಟುಕೊಂಡೇ ಹೊರಟು ಬಂದಿದ್ದರು. ಕೆಟ್ಟವರಲ್ಲ. ಯಾರಿಗೂ ಏಕವಚನ ಬಳಸುವವರಲ್ಲ, ಬೈಯುವವರಂತೂ ಅಲ್ಲವೇ ಅಲ್ಲ. ಮೂಗಿನ ಮೇಲೆ ಒಂದರ ಮೇಲೊಂದು ಮಾಸ್ಕ್ ಹಾಕಿಕೊಂಡಿದ್ದರು.

“ನೋಡ್ರಿ, ನಿಮ್ಮ ಒಳ್ಳೇದಕ್ಕ ಹೇಳೋದು. ಊರಾಗ ಹಂದಿ ಇರಬಾರದು ಅಂತ ಆರ್ಡರ್ ಆಗ್ಯದ. ಕುರುಗೋಡು ಗುಡ್ಡದ ಕಡೆ ಬಿಟ್ಟು ಬರ್ತಾರ. ಸಹಕಾರ ಕೊಡ್ರಿ.”

ಸಹಕಾರ ಕೊಡಲು ಹಂದಿಗಳು ಒಪ್ಪಲಿಲ್ಲ. ಆದೋನಿ ಕಡೆಯಿಂದ ಕರೆಸಿದ ಹಂದಿ ಹಿಡಿಯುವವರು ಬಲೆ ಬೀಸಿದ್ದೇ ತಡ, ಓಣಿಯ ಹಂದಿಗಳೆಲ್ಲ ಕಿರುಚಿಕೊಂಡು ಹಳ್ಳದ ಜಾಲಿಮುಳ್ಳಿನೊಳಗೆ ನುಗ್ಗಿದವು. ಹಿಂದೆ ನುಗ್ಗಿದವರ ಅಂಗಿ ಹರಿಯಿತು, ಒಬ್ಬನ ಮೀನಖಂಡಕ್ಕೆ ಹಂದಿ ಬಾಯಿ ಹಾಕಿತು. ಬಿಸಿಲು ಏರಿತು. ಟೆಂಪೊದೊಳಗೆ ಎರಡು ಮರಿ ಬಿಟ್ಟರೆ ಏನೂ ಇರಲಿಲ್ಲ.

ಅಷ್ಟು ಹೊತ್ತೂ ಗಾದಿಲಿಂಗ ಜೀಪಿನ ಮುಂದೆ ಕೈ ಮುಗಿದುಕೊಂಡು ನಿಂತಿದ್ದ. ಸಾಹೇಬರು ಕೊನೆಗೆ ಅವನ ಕಡೆ ನೋಡಿದರು. ಗುಡಿಸಲಿನ ಬಾಗಿಲಿಗೆ ಬಂದು, ಒಳಗೆ ಬಾರದೆ ಬಗ್ಗಿ, ಹುಡುಗಿಯ ಕತ್ತು ಎತ್ತಲು ಮಾರೆಮ್ಮನಿಗೆ ಹೇಳಿದರು. ಕತ್ತು ಮಣಿಯಲಿಲ್ಲ. ಸಾಹೇಬರ ಮುಖ ಸಣ್ಣದಾಯಿತು.

“ಹುಡುಗೀನ್ನ ಈಗಿಂದೀಗ ಬಳ್ಳಾರಿಗೆ ಒಯ್ಯಬೇಕಮ್ಮ. ಅದೇ ಜ್ವರ ಕಾಣಸ್ತದ.” ಆಂಬುಲೆನ್ಸಿಗೆ ಫೋನ್ ಮಾಡಿದರು. ಅದು ಯಾರದೋ ಹೆರಿಗೆಗೆ ದೂರ ಹೋಗಿತ್ತು. “ಜೀಪಿನಾಗ ಹಾಕ್ರಿ, ಹೊರಡೋಣ” ಎಂದರು.

ಮಾರೆಮ್ಮ ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ಜೀಪಿನ ಬಾಗಿಲಿಗೆ ಬೆನ್ನು ಕೊಟ್ಟು ಚಿದಾನಂದಪ್ಪ ನಿಂತಿದ್ದ.

“ಸಾಹೇಬ್ರ, ಈ ಜೀಪು ನಾ ಬಳ್ಳಾರಿಗೆ ನಾಕು ಸಲ ಅಡ್ಡಾಡಿ ತರಿಸೀದು. ಹಂದಿ ಹತ್ತಲಾರದ ಇದು ಹೊಂಡಂಗಿಲ್ಲ.”

“ಅಲ್ರಿ, ಹುಡುಗಿ ಸ್ಥಿತಿ ನೋಡ್ರಿ...”

“ನನ್ನ ಮೊಮ್ಮಗನ ಸ್ಥಿತಿ ಯಾರು ನೋಡ್ತಾರ? ಈಗ ನೀವು ಹ್ವಾದ್ರಿ ಅಂದ್ರ ನಾಳಿಗೆ ಇವು ಮತ್ತ ಬಸ್‌ಸ್ಟ್ಯಾಂಡಿನಾಗ ಇರ್ತಾವ. ಊರ ಜನ ನಿಮ್ಮ ಆಫೀಸಿನ ಮುಂದ ಕುಂತ್ರ ನನ್ನ ಕೇಳಬ್ಯಾಡ್ರಿ.” ಅವನು ಮಾರೆಮ್ಮನ ಹೆಗಲ ಮೇಲಿದ್ದ ಹುಡುಗಿಯ ಕಡೆ ಗದ್ದ ಎತ್ತಿ ತೋರಿಸಿದ. “ಬಲೆ ಬೀಸೋದು ಯಾಕ ಬೇಕು? ದಿನಾ ನೋಡೀನಿ ನಾನು. ಈ ಹುಡುಗಿ ಕೂಗಿದ್ರ ನಾಯಿ ಬಂದಂಗ ಬರ್ತಾವ. ಕೂಗಲಿ, ಬರಲಿ, ಹತ್ತಲಿ. ಐದು ನಿಮಿಷದ ಕೆಲಸ.”

ಗಾದಿಲಿಂಗ ಮಣ್ಣಿನಲ್ಲಿ ಉದ್ದಕ್ಕೆ ಬಿದ್ದು ಅವನ ಕಾಲು ಹಿಡಿದ. “ಯಪ್ಪಾ, ನಿನ್ನ ಅನ್ನ ತಿಂದೀನಿ. ಹಂದಿ ಎಲ್ಲಾ ನಾನ ಹಿಡಿದು ಕೊಡ್ತೀನಿ, ಸಂಜಿಯೊಳಗ ಕೊಡ್ತೀನಿ, ಮೊದ್ಲು ಕೂಸಿನ್ನ ಬಿಡಪ್ಪಾ.”

“ಏಳಲೇ, ಬೋಳಿಮಗನ. ಸಂಜಿಗೆ ಕೊಡಾವ ಮುಂಜಾನಿ ಯಾಕ ಕೊಡ್ಲಿಲ್ಲ?”

ವಿಶ್ವಪ್ರಿಯ ಸಾಹೇಬರು ಗಡಿಯಾರ ನೋಡಿಕೊಂಡರು. ಜೀಪು ನೋಡಿದರು, ಹುಡುಗಿಯನ್ನು ನೋಡಿದರು, ಚಿದಾನಂದಪ್ಪನನ್ನು ನೋಡಿದರು. ಆಮೇಲೆ ಮಾರೆಮ್ಮನಿಗೆ ಬಹಳ ಮೆತ್ತಗಿನ ದನಿಯಲ್ಲಿ, “ಐದೇ ನಿಮಿಷ ಅಂತಾರಲ್ಲಮ್ಮ. ಜಲ್ದಿ ಮುಗಿಸಿಬಿಡ್ರಿ” ಎಂದರು.

“ನಾ ಕೂಗ್ತೀನ್ರಿ” ಎಂದಳು ಮಾರೆಮ್ಮ. ಮಗಳನ್ನು ಗಂಡನ ಕೈಗಿತ್ತು ಹಳ್ಳದ ದಂಡೆಗೆ ಹೋಗಿ ಕೂಗಿದಳು. ಕೂಗು ಅದೇ, ಅವಳೇ ಮಗಳಿಗೆ ಕಲಿಸಿದ್ದು. ಪೊದೆಯೊಳಗೆ ದೊಡ್ಡಾಕಿ ಒಮ್ಮೆ ಕಿವಿ ಎತ್ತಿ ಮತ್ತೆ ಕೆಸರಿಗೆ ಮೂತಿ ಹಾಕಿತು. ಇನ್ನೊಮ್ಮೆ ಕೂಗಿದಳು, ಮತ್ತೊಮ್ಮೆ, ದನಿ ಒಡೆಯುವವರೆಗೂ ಕೂಗಿದಳು. ಒಂದು ಮರಿಯೂ ಹೊರಗೆ ಬರಲಿಲ್ಲ. ಹಿಂದೆ ಹಂದಿ ಹಿಡಿಯುವವರು ತೆಲುಗಿನಲ್ಲಿ ಏನೋ ಅಂದುಕೊಂಡು ನಗುತ್ತಿದ್ದರು.

“ನಾಟಕ ಬ್ಯಾಡ” ಎಂದ ಚಿದಾನಂದಪ್ಪ. “ಹುಡುಗೀನ್ನ ತಗಂಡು ಟೆಂಪೋ ಮ್ಯಾಲೆ ನಿಂದ್ರು.”

ಮಾರೆಮ್ಮ ಗುಡಿಸಲಿಗೆ ಓಡಿದಳು. ಡಬ್ಬಿ ತೆಗೆದಳು, ಬಕೆಟ್ ಬಗ್ಗಿಸಿದಳು, ಒಲೆಯ ಮುಂದಿನ ಗಡಿಗೆ ತಡಕಿದಳು. ಒಂದು ಹಿಡಿ ತೌಡಾಗಲಿ, ಒಂದು ಅಗುಳಾಗಲಿ ಸಿಗಲಿಲ್ಲ. ಪಕ್ಕದ ಮನೆಯವರನ್ನು ಕೇಳೋಣವೆಂದರೆ ಓಣಿಯವರೆಲ್ಲ ತಮ್ಮ ತಮ್ಮ ಹಂದಿಗಳ ಹಿಂದೆ ಹಳ್ಳದಲ್ಲಿದ್ದರು. ಹೊರಗಿನಿಂದ ಚಿದಾನಂದಪ್ಪ ಅರಚುತ್ತಿದ್ದ. ಅವಳು ಬರಿಗೈಯಲ್ಲೇ ಬಂದು, ಮಗಳನ್ನು ಎತ್ತಿಕೊಂಡು, ಹಲಗೆಯ ಮೇಲೆ ಕಾಲಿಟ್ಟು ಟೆಂಪೊ ಹತ್ತಿದಳು.

“ನಾಗೀ, ಕಣ್ಣು ತಗೀ ತಾಯಿ. ಒಂದ ಸಲ ದೊಡ್ಡಾಕೀನ್ನ ಕರಿ. ಕರೆದ್ರ ದವಾಖಾನಿಗೆ ಹೋಗಬೌದು.”

ನಾಗಲಕ್ಷ್ಮಿ ಕಣ್ಣು ಬಿಟ್ಟಳು. ತಾನೆಲ್ಲಿದ್ದೇನೆಂದು ಅವಳಿಗೆ ತಿಳಿಯಿತೋ ಇಲ್ಲವೋ. ಅಭ್ಯಾಸದಂತೆ ಬಲಗೈ ಬಾಯಿಯ ಹತ್ತಿರ ಎತ್ತಿದಳು. ಅಂಗೈ ನೋಡಿಕೊಂಡು ನಿಲ್ಲಿಸಿದಳು.

“ಯವ್ವಾ, ಕೈಯಾಗ ಏನೂ ಇಲ್ಲಬೇ.”

“ಇರ್ಲಿ ಮಗಾ. ಆಮ್ಯಾಲೆ ಹಾಕಾಣು. ಈಗ ಕರಿ.”

“ಬಾಯಿ ಬೀಳತೈತಲ್ಲ...”

“ನಿನಗೇನೂ ಆಗಂಗಿಲ್ಲ. ಪಾಪ ನಂದು. ಬಿದ್ರ ನನ್ನ ಬಾಯಿ ಬೀಳ್ಲಿ. ಕರಿ ನಾಗೀ.”

ಹುಡುಗಿ ಕೂಗಿದಳು. “ಡುರ್ರ್... ಓಯ್ ಓಯ್ ಓಯ್... ದೊಡ್ಡಾಕೀ...” ಎಂದಿನ ದನಿಯ ಕಾಲು ಭಾಗವೂ ಅಲ್ಲ. ಆದರೆ ಪೊದೆ ಅಲ್ಲಾಡಿತು. ಮೊದಲು ದೊಡ್ಡಾಕಿ, ಅದರ ಹಿಂದೆ ಉಳಿದವು, ಮುಳ್ಳು ಮುರಿದುಕೊಂಡು, ಬಲೆ ಹಿಡಿದು ನಿಂತವರ ಕಾಲ ಸಂದಿಯಲ್ಲೇ ನುಗ್ಗಿ, ಹಲಗೆ ಹತ್ತಿ ಟೆಂಪೊದೊಳಕ್ಕೆ ಬಂದವು. ಬಾಲ ಅಲ್ಲಾಡಿಸುತ್ತ ಬಂದವು. ದೊಡ್ಡಾಕಿ ಹುಡುಗಿಯ ಜೋತುಬಿದ್ದ ಅಂಗೈಗೆ ಮೂತಿ ಇಟ್ಟು ಮೂಸಿತು, ನೆಕ್ಕಿತು, ಏನೂ ಸಿಗದೆ ತಲೆ ಎತ್ತಿ ಅವಳ ಮುಖ ನೋಡಿತು. ಯಾರೋ ಮಗಳ ಸಮೇತ ಮಾರೆಮ್ಮನನ್ನು ರಟ್ಟೆ ಹಿಡಿದು ಕೆಳಕ್ಕೆಳೆದರು, ಜಾಲರಿಯ ಬಾಗಿಲು ಬಿತ್ತು. ಆಗಲೇ ನಾಗಲಕ್ಷ್ಮಿಯ ಮೈ ಬಿಲ್ಲಿನಂತೆ ಸೆಟೆದು, ಹಲ್ಲು ಕಚ್ಚಿ, ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು.

“ಬೇಗ, ಬೇಗ!” ಎಂದು ವಿಶ್ವಪ್ರಿಯ ಸಾಹೇಬರು ತಾವೇ ಓಡಿ ಜೀಪಿನ ಬಾಗಿಲು ತೆರೆದರು. ಚಿದಾನಂದಪ್ಪ ಈಗ ದಾರಿ ಬಿಟ್ಟ. ಆ ಐದು ನಿಮಿಷ ಮುಗಿಯುವುದರೊಳಗೆ ಮಧ್ಯಾಹ್ನವಾಗಿತ್ತು.

ತೆಕ್ಕಲಕೋಟೆ ದಾಟುವವರೆಗೂ ಟೆಂಪೊ ಜೀಪಿನ ಮುಂದೆಯೇ ಇತ್ತು. ಹಾರ್ನ್ ಹೊಡೆದರೂ ದಾರಿ ಬಿಡಲಿಲ್ಲ. ತೊಡೆಯ ಮೇಲೆ ಮಗಳು ಸೆಟೆಯುತ್ತಿದ್ದಳು, ಎದುರಿಗೆ ಜಾಲರಿಯ ಸಂದಿಯಿಂದ ಹಂದಿಗಳ ಮೂತಿ ಕಾಣುತ್ತಿತ್ತು. ಮಾರೆಮ್ಮ ಮಗಳ ಹಲ್ಲಿನ ನಡುವೆ ಸೆರಗು ತುರುಕಿ ಹಿಡಿದು ಕಣ್ಣು ಮುಚ್ಚಿಕೊಂಡಳು. ಮುಂದೆಲ್ಲೋ ಟೆಂಪೊ ಕುರುಗೋಡಿನ ಕಡೆ ತಿರುಗಿಕೊಂಡಿತು. ಗುಡ್ಡದಲ್ಲಿ ಬಿಟ್ಟರೋ, ಕೊಂದು ಹೂತರೋ, ಮಾರಿ ತಿಂದರೋ, ಓಣಿಯವರಿಗೆ ಯಾರೂ ಹೇಳಲಿಲ್ಲ.

ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ನಾಗಲಕ್ಷ್ಮಿ ಮೂಗಿಗೊಂದು ಬಾಯಿಗೊಂದು ನಳಿಗೆ ಹಾಕಿಸಿಕೊಂಡು ಮಲಗಿದಳು. ಡಾಕ್ಟರು ಸುಳ್ಳು ಹೇಳಲಿಲ್ಲ. ಈ ಜ್ವರಕ್ಕೆ ಇದೇ ಔಷಧ ಎಂದು ಯಾವುದೂ ಇಲ್ಲ, ಫಿಟ್ಸು ತಡೆಯುತ್ತೇವೆ, ಉಸಿರು ಕಾಯುತ್ತೇವೆ, ಉಳಿದದ್ದು ಮೈಗೆ ಬಿಟ್ಟದ್ದು ಎಂದರು. ಬೇಗ ಬಂದಿದ್ದರೆ ಎಂದು ಗಾದಿಲಿಂಗ ಕೇಳಿದ. “ಹೇಳೋಕಾಗಲ್ಲಪ್ಪ” ಎಂದರು. ಹೌದು ಎಂದಿದ್ದರೂ, ಇಲ್ಲ ಎಂದಿದ್ದರೂ ಗಂಡಹೆಂಡಿರು ಅತ್ತು ಹಗುರಾಗುತ್ತಿದ್ದರೇನೋ. ಹೇಳೋಕಾಗಲ್ಲ ಎಂಬ ಮಾತು ಎದೆಯಲ್ಲಿ ಹಾಗೇ ಕೂತುಬಿಟ್ಟಿತು.

ವಾರ್ಡಿನ ನರ್ಸು ಶ್ರೀವಲ್ಲಿ ಮಾತಿನವಳು. ಹುಡುಗಿಯನ್ನು ಮಗ್ಗುಲು ಬದಲಿಸುತ್ತ ಕೇಳಿದಳು, “ಇದಕ್ಕ ಲಸಿಕಿ ಅದ ಅಲ್ಲಮ್ಮ. ಹಾಕ್ಸಿರಲಿಲ್ಲೇನು? ಸಾಲಿಗೇ ಬಂದು ಎಲ್ಲಾ ಹುಡುಗರಿಗೂ ಹಾಕ್ತಾರ.”

“ಇಕಿ ಸಾಲಿಗೆ ಹೋಗ್ತಿದ್ದಿಲ್ರಿ.”

“ಯಾಕ ಕಳಸಲಿಲ್ಲ? ನಿಮ್ಮಂಥಾವರು ಇದೇ ತಪ್ಪು ಮಾಡ್ತೀರಿ ನೋಡು.”

ಮಾರೆಮ್ಮ ನಲ್ಲಿಯ ಕಥೆ ಹೇಳಲಿಲ್ಲ. ಹೇಳಿದರೆ ಅದಕ್ಕೂ ಏನಾದರೊಂದು ತಪ್ಪು ಅವಳ ತಲೆಗೇ ಬರುತ್ತಿತ್ತು. ಬದಲಿಗೆ, ನಮ್ಮ ಹಂದಿಗಳಿಂದಲೇ ಬಂತೇನ್ರಿ ಇದು ಎಂದು ಕೇಳಿದಳು.

“ಹಂದಿ ಮೈಯಾಗೂ ಇರ್ತದ, ಬೆಳ್ಳಕ್ಕಿ ಮೈಯಾಗೂ ಇರ್ತದ. ಅಲ್ಲಿಂದ ತಂದು ಮನುಷ್ಯಾರಿಗೆ ಚುಚ್ಚೋದು ಸೊಳ್ಳಿ. ನಿಮ್ಮ ಕಡೆ ಭತ್ತದ ಗದ್ಯಾಗ ನೀರು ನಿಲ್ಲಸ್ತಾರಲ್ಲ, ಅದರಾಗ ಹುಟ್ಟೋ ಸೊಳ್ಳಿ.”

“ಹಂಗಾರ ನೀರು ಯಾಕ ಹಿಡಕಂಡು ಹೋಗ್ಲಿಲ್ರಿ?”

ಶ್ರೀವಲ್ಲಿಗೆ ನಗು ಬಂತು. “ನೀರಿಲ್ಲದ ಭತ್ತ ಬೆಳೀತದೇನಮ್ಮ? ಅನ್ನ ತಿನ್ನಬೇಕಲ್ಲ ಎಲ್ಲಾರೂ” ಎಂದು ಮುಂದಿನ ಹಾಸಿಗೆಗೆ ಹೋದಳು.

ನಾಗಲಕ್ಷ್ಮಿ ಕಣ್ಣು ಬಿಟ್ಟ ದಿನ ಮಾರೆಮ್ಮ ವಾರ್ಡಿನವರಿಗೆಲ್ಲ ಸಕ್ಕರೆ ಹಂಚಿದಳು. ಸಂಜೆಯ ಹೊತ್ತಿಗೆ ಬಾಯಿ ಕಹಿಯಾಯಿತು. ಕಣ್ಣು ತೆರೆದಿತ್ತು, ಆದರೆ ತಾಯಿಯ ಮೇಲೆ ನಿಲ್ಲುತ್ತಿರಲಿಲ್ಲ. ಬಲಗೈ ಮುಷ್ಟಿ ಕಟ್ಟಿ ಎದೆಗೆ ಅಂಟಿಕೊಂಡಿತ್ತು. ನಾಲಿಗೆ ಹೊರಳುತ್ತಿತ್ತು, ಮಾತಾಗುತ್ತಿರಲಿಲ್ಲ. ಮಾರೆಮ್ಮ ಟೆಂಪೊದ ಮೇಲೆ ತಾನಾಡಿದ ಮಾತು ನೆನಪಾಗಿ ತಲೆ ಚಚ್ಚಿಕೊಂಡು ಅತ್ತಳು. ತನ್ನ ಬಾಯಿ ಬೀಳಲಿ ಎಂದಿದ್ದಳು. ಅದು ಮಾತ್ರ ಗಟ್ಟಿಯಾಗಿಯೇ ಇತ್ತು, ಇಡೀ ವಾರ್ಡಿಗೆ ಕೇಳುವಂತೆ ಅಳುತ್ತಿತ್ತು. ಯಾರ ಮಾತು ಖರೆಯೋ ಅವಳಿಗೆ ತಿಳಿಯಲಿಲ್ಲ. ಕಟ್ಟಳೆಯೂ ಖರೆ ಅನ್ನಿಸುತ್ತಿತ್ತು, ನರ್ಸು ಹೇಳಿದ್ದೂ ಖರೆ ಅನ್ನಿಸುತ್ತಿತ್ತು.

ಚಿದಾನಂದಪ್ಪನ ಮೊಮ್ಮಗ ಪ್ರೈವೇಟ್ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಊರಿಗೆ ಬಂದ ಮೇಲೆ ಗೊತ್ತಾಯಿತು. ಮಾರೆಮ್ಮನಿಗೆ ಸಂಕಟವಾಯಿತು. ಆ ಕೂಸನ್ನು ಅವಳು ನೋಡಿದ್ದಳು, ಗದ್ದೆಯಲ್ಲಿ ಗಾದಿಲಿಂಗನ ಹೆಗಲೇರಿ ಕೂರುತ್ತಿತ್ತು. ಓಣಿಯ ಉಳಿದ ಮನೆಗಳ ಹಂದಿಗಳನ್ನೂ ಆಮೇಲೆ ಹಿಡಿದೊಯ್ದಿದ್ದರು. ಹಂದಿಗಳೆಲ್ಲ ಹೋದ ಮೇಲೂ ಊರಲ್ಲಿ ಮತ್ತೊಂದು ಮಗುವಿಗೆ ಜ್ವರ ಬಂದಿತ್ತು. ಹಂದಿ ಹೋದರೂ ಕೊರಚರು ಇನ್ನೂ ಇದ್ದಾರಲ್ಲ ಎಂದು ಚಹಾದಂಗಡಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು.

ಹಂದಿಯಿಲ್ಲದ ಓಣಿಗೆ ಕೂಲಿಯೊಂದೇ ಗತಿ. ಭತ್ತದ ಕಳೆ ತೆಗೆಯುವ ಕಾಲ. ಚಿದಾನಂದಪ್ಪನ ಗದ್ದೆಗೆ ಹೆಣ್ಣಾಳು ಬೇಕೆಂದು ಗಾದಿಲಿಂಗನೇ ಬಂದು ತಲೆ ತಗ್ಗಿಸಿ ಹೇಳಿದ. ಬಿಟ್ಟುಹೋಗಲು ಜನವಿಲ್ಲದೆ ಮಾರೆಮ್ಮ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಹೋದಳು. ಬೆಳೆದ ಹುಡುಗಿ, ಕಾಲು ನೆಲ ಬಳಿಯುತ್ತಿತ್ತು. ಬದುವಿನ ಮೇಲೆ ಗೋಣಿ ಹಾಸಿ, ಬೇಲಿಗೆ ಒರಗಿಸಿ ಕೂರಿಸಿ ನೀರಿಗಿಳಿದಳು.

ಮೊಣಕಾಲವರೆಗೆ ನೀರು. ಬಗ್ಗಿ ಕಳೆ ಕೀಳುತ್ತ ಸಾಲಿನ ಕೊನೆ ಮುಟ್ಟಿ ತಿರುಗಿದಾಗ ಹೊತ್ತು ಇಳಿಯುತ್ತಿತ್ತು. ಮಗಳನ್ನು ನೋಡಿದಳು. ನಾಗಲಕ್ಷ್ಮಿಯ ಮುಖ, ಕತ್ತು, ತೆರೆದ ಬಾಯಿಯ ಸುತ್ತ ಸೊಳ್ಳೆ ಮುತ್ತಿಕೊಂಡಿದ್ದವು. ರೆಪ್ಪೆಯ ಮೇಲೂ ಕೂತಿದ್ದವು. ಹುಡುಗಿ ಹೊಡೆದುಕೊಳ್ಳುತ್ತಿರಲಿಲ್ಲ. ಎದೆಗೆ ಅಂಟಿದ ಕೈ ಏಳುತ್ತಿರಲಿಲ್ಲ, ಇನ್ನೊಂದು ಕೈಗೆ ಏಳಬೇಕೆಂಬುದು ತಿಳಿಯುತ್ತಿರಲಿಲ್ಲ.

ಮಾರೆಮ್ಮ ಕಳೆಯ ಕಂತೆ ಬಿಸಾಕಿದಳು. ನೀರು ಒದ್ದುಕೊಂಡು ಬಂದು, ಬದುವಿನ ಮೇಲೆ ಗಂಡ ನೆಟ್ಟಿದ್ದ ಸಲಿಕೆ ಕಿತ್ತುಕೊಂಡಳು. ಬಾಯಿ ಬೀಳಿಸುವ ಕಟ್ಟಳೆಗೆ ಬಡಿಯುವುದಕ್ಕೆ ಅವಳ ಹತ್ತಿರ ಏನೂ ಇರಲಿಲ್ಲ, ನೀರಿಗಾದರೆ ಸಲಿಕೆ ಇತ್ತು. ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಬದುವಿಗೆ ಹೊಡೆದಳು. ಒದ್ದೆ ಮಣ್ಣು ಹೆಂಟೆಹೆಂಟೆಯಾಗಿ ಎದ್ದು ಬಂತು. ಗದ್ದೆಯ ನೀರು ಬುಳುಬುಳು ಎಂದು ತಗ್ಗಿನ ಹಳ್ಳಕ್ಕೆ ಹರಿಯತೊಡಗಿತು.

“ಏ ಮಾರೀ! ಹುಚ್ಚು ಹಿಡೀತೇನ್ಲೇ?” ದೂರದಿಂದ ಗಾದಿಲಿಂಗ ಓಡಿ ಬರುತ್ತಿದ್ದ. ಅವನಿಗಿಂತ ಮೊದಲು ಚಿದಾನಂದಪ್ಪ ಬಂದ.

“ಸೂಳಿ, ಹೊಟ್ಟಿ ತುಂಬೋ ಬೆಳಿಗೆ ಕೊಳ್ಳಿ ಇಡ್ತೀಯಾ? ನನ್ನ ಮೊಮ್ಮಗ ಮಣ್ಣಾಗ ಹ್ವಾದ. ನಿನ್ನ ಮಗಳು ಇನ್ನ ಉಸಿರಾಡಾಕತ್ತಾಳಲೇ, ಉಸಿರಾಡಾಕತ್ತಾಳ!”

ಮಾರೆಮ್ಮ ಸಲಿಕೆ ನಿಲ್ಲಿಸಲಿಲ್ಲ. ಧಣಿ ಅನ್ನಲಿಲ್ಲ, ರೀ ಅನ್ನಲಿಲ್ಲ. “ನನ್ನ ಹಂದಿ ಒಯ್ದಿ. ನನ್ನ ಮಗಳ ಬಾಯಿ ಒಯ್ದಿ. ಅದೇ ಟೆಂಪೋ ತರಸು ಈಗ. ನಿನ್ನ ನೀರು ಹತ್ತಸು ಅದರಾಗ. ಕರಿ, ಆ ಸಾಹೇಬನ್ನ ಕರಿ!”

ಚಿದಾನಂದಪ್ಪ ಕೈ ಎತ್ತಿದ. ಅವಳ ಕೈಯಲ್ಲಿದ್ದ ಸಲಿಕೆ ನೋಡಿ ಇಳಿಸಿದ. ಹಿಂದೆ ಬಂದು ಏದುಸಿರು ಬಿಡುತ್ತ ನಿಂತ ಗಾದಿಲಿಂಗನ ಕಡೆ ತಿರುಗಿ, “ನಿಂತು ಏನು ನೋಡ್ತೀಯಲೇ? ಮುಚ್ಚಲೇ ಅದನ್ನ” ಎಂದ.

ಗಾದಿಲಿಂಗ ಹೆಂಡತಿಯ ಮುಖ ನೋಡಲಿಲ್ಲ. ನೀರಿಗಿಳಿದು, ಬಗ್ಗಿ, ಎರಡೂ ಕೈಯಲ್ಲಿ ಕೆಸರು ಬಾಚಿ ಕಡಿದ ಜಾಗಕ್ಕೆ ಒತ್ತತೊಡಗಿದ. ಮಾರೆಮ್ಮ ಪಕ್ಕಕ್ಕೆ ಸರಿದು ಇನ್ನೊಂದು ಕಡೆ ಕಡಿದಳು. ಅವನು ಅಲ್ಲಿಗೂ ಬಂದ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಕೈ ಮಾತ್ರ ತನ್ನ ಪಾಡಿಗೆ ಮಣ್ಣು ಮೆತ್ತುತ್ತಿತ್ತು. ಅವಳು ಮತ್ತೂ ಮುಂದೆ ಹೋಗಿ ಕಡಿದಳು. ಇಷ್ಟಾದರೂ ಗದ್ದೆಯ ನೀರು ಒಂದು ಬೆರಳಿನಷ್ಟೂ ಇಳಿದಿರಲಿಲ್ಲ. ಮೇಲಿನ ಗದ್ದೆಯಿಂದ ಬರುತ್ತಿತ್ತು, ಅದಕ್ಕೆ ಅದರ ಮೇಲಿನದರಿಂದ, ಅದಕ್ಕೆ ಕಾಲುವೆಯಿಂದ. ಕೆಂಚನಗುಡ್ಡದವರೆಗೂ ಕಣ್ಣು ಹಾಯಿಸಿದಷ್ಟೂ ಹಸಿರು, ಹಸಿರಿನ ಬುಡದಲ್ಲಿ ನೀರು.

ಮಾರೆಮ್ಮ ಸಲಿಕೆ ಊರಿಕೊಂಡು ಒಂದು ಗಳಿಗೆ ನಿಂತು ಅದನ್ನೆಲ್ಲ ನೋಡಿದಳು. ಹಿಂದೆ ಗಾದಿಲಿಂಗ ಮಣ್ಣು ಮೆತ್ತುವ ಸದ್ದು ಹತ್ತಿರವಾಗುತ್ತಿತ್ತು. ಅವಳು ಮೂಗು ಒರೆಸಿಕೊಂಡು ಮತ್ತೆ ಸಲಿಕೆ ಎತ್ತಿದಳು.